ಫ್ರೀಜರ್‌ನಲ್ಲಿಟ್ಟ ಪಿಜ್ಜಾ ಹಿಟ್ಟು ಕರಗಿದ ಮೇಲೆ ನೀರು ಬಿಡ್ತಿದೆ, ಎಳೆದ್ರೆ ಹರೀತಿದೆ. ಯಾಕೆ?

ಒಗ್ಗರಣೆ_ಡಬ್ಬಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮನೇಲಿ ಪಿಜ್ಜಾ ಮಾಡೋದು ನಮಗೇನು ಹೊಸದಲ್ಲ, ಅವತ್ತೇ ಕಲಸಿ ಅವತ್ತೇ ಮಾಡಿದ್ರೆ ಚೆನ್ನಾಗೇ ಬರುತ್ತೆ, ಅಂಚು ಉಬ್ಬುತ್ತೆ, ತಳ ಗರಿಗರಿ ಆಗುತ್ತೆ. ಆದ್ರೆ ಆಫೀಸಿಂದ ಬಂದು ಕಲಸಿ, ಉಬ್ಬೋಕೆ ಬಿಟ್ಟು, ಬೇಯಿಸಿ ಬಡಿಸೋ ಹೊತ್ತಿಗೆ ರಾತ್ರಿ ಹತ್ತು ಗಂಟೆ, ಮಕ್ಕಳು ಅಷ್ಟರಲ್ಲಿ ಅನ್ನ ಸಾರು ತಿಂದು ಮಲಗಿರ್ತಾರೆ. ಅದಕ್ಕೇ ಒಂದೇ ಸಲ ಜಾಸ್ತಿ ಹಿಟ್ಟು ಕಲಸಿ ಫ್ರೀಜರ್‌ನಲ್ಲಿ ಇಟ್ಟುಬಿಡೋಣ ಅಂತ ಶುರು ಮಾಡಿದ್ದು.

ನನ್ನ ಅಳತೆ ಹೇಳ್ತೀನಿ. 500 ಗ್ರಾಂ ಮೈದಾ, 325 ಎಂಎಲ್ ನೀರು, 3 ಗ್ರಾಂ ಇನ್‌ಸ್ಟಂಟ್ ಈಸ್ಟ್, 10 ಗ್ರಾಂ ಉಪ್ಪು, ಒಂದು ಚಮಚ ಸಕ್ಕರೆ, ಎರಡು ಚಮಚ ಎಣ್ಣೆ. ಎರಡು ಗಂಟೆ ಬಿಟ್ಟು ಡಬಲ್ ಆದ್ಮೇಲೆ ನಾಲ್ಕು ಉಂಡೆ ಮಾಡಿ ಸ್ಟೀಲ್ ಡಬ್ಬಿಲಿ ಹಾಕಿ ಫ್ರೀಜರ್‌ಗೆ. ಎರಡು ಮೂರು ವಾರ ಆದ್ಮೇಲೆ ಬೆಳಿಗ್ಗೆ ತೆಗೆದು ಕಟ್ಟೆ ಮೇಲೆ ಇಟ್ಟು ಆಫೀಸಿಗೆ ಹೋದ್ರೆ, ಸಂಜೆ ಹೊತ್ತಿಗೆ ಮೇಲೆಲ್ಲಾ ಅಂಟು ಅಂಟು ನೀರು, ಒಂಥರಾ ಹುಳಿ ವಾಸನೆ. ಮಧ್ಯಾಹ್ನ ಮನೇಲಿದ್ದಾಗ ನೋಡಿದ್ರೆ ಮೇಲೆ ಪೂರ್ತಿ ಮೆತ್ತಗಾಗಿದ್ರೂ ನಡುವೆ ಇನ್ನೂ ಕಲ್ಲು. ಕೈಯಲ್ಲಿ ಎಳೆದ್ರೆ ಅಗಲ ಆಗೋ ಬದಲು ಹರಿದುಹೋಗುತ್ತೆ, ಹೇಗೋ ತಟ್ಟಿ ಬೇಯಿಸಿದ್ರೆ ಉಬ್ಬದೆ ಬಿಸ್ಕತ್ ಥರ ಗಟ್ಟಿ.

ಬರೋ ತಿಂಗಳು ಮಗನ ಹುಟ್ಟುಹಬ್ಬ, ಹನ್ನೆರಡು ಮಕ್ಕಳು ಬರ್ತಾರೆ, ಪಿಜ್ಜಾನೇ ಬೇಕಂತೆ. ಮುಂಚೆನೇ ಮಾಡಿಟ್ಕೊಳ್ಳೋಕೆ ದಾರಿ ಇದ್ಯಾ, ಇಲ್ಲ ಫ್ರೀಜರ್ ಐಡಿಯಾನೇ ಬಿಟ್ಟುಬಿಡಲಾ? ನಮ್ಮದು ಸಿಂಗಲ್ ಡೋರ್ ಫ್ರಿಜ್, 30 ಲೀಟರ್ ಓಟಿಜಿ (ಕರೆಂಟ್ ಓವನ್).

ಖಡಕ್_ರೊಟ್ಟಿ (ಧಾರವಾಡ)

ಅಕ್ಕಾರ, ಹೊರಗ ಇಟ್ಟು ಕರಗಸೋದು ಮೊದಲ ಬಿಡ್ರಿ. ಹಿಂದಿನ ದಿವಸ ರಾತ್ರಿನ ಫ್ರೀಜರ್‌ದಾಗಿಂದ ತಗದು ಕೆಳಗ ಫ್ರಿಜ್ಜಿನ್ಯಾಗ ಇಡ್ರಿ, ಮರುದಿವಸ ಸಂಜಿಮುಂದ ಮಾಡೂದಿದ್ರ ಒಂದು ತಾಸು ಮೊದಲ ಹೊರಗ ತಗದ್ರ ಸಾಕು. ಮತ್ತ ನಾಕೂ ಉಂಡಿ ಒಂದ ಡಬ್ಬ್ಯಾಗ ತುಂಬಿದ್ರ ಅವು ಒಂದಕ್ಕೊಂದು ಅಂಟಕೊಂಡು ಒಂದ ದೊಡ್ಡ ಗುಂಡಕಲ್ಲ ಆಗ್ತಾವು, ನಡುವ ಕರಗೂದ್ರಾಗ ಮ್ಯಾಲಿಂದು ಹುಳಿ ಬಂದ ಬರ್ತದ, ಅದರಾಗ ಆಶ್ಚರ್ಯ ಏನೈತಿ. ಒಂದೊಂದು ಉಂಡಿ ಬ್ಯಾರೆ ಬ್ಯಾರೆ ಚೀಲದಾಗ ಇಡ್ರಿ. ನಾವೂ ನಿಮ್ಮಂಗ ಪೂರ್ತಿ ಉಬ್ಬಿದ ಮ್ಯಾಲೇ ಫ್ರೀಜರ್‌ಗೆ ಹಾಕ್ತೀವಿ, ಏನೂ ತ್ರಾಸ ಆಗಿಲ್ಲ.

ಓವನ್_ಅಣ್ಣ (ಬೆಂಗಳೂರು)

ಕರಗಿಸೋ ವಿಷಯದಲ್ಲಿ ಖಡಕ್_ರೊಟ್ಟಿ ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ಕೊನೇ ಮಾತು ನಾನು ಒಪ್ಪಲ್ಲ. ಬೇಕರಿ ಲೈನ್‌ನಲ್ಲಿ ಕೆಲಸ ಮಾಡಿದವನು ನಾನು, ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೇಡಂ, ನಿಮ್ಮ ಹಿಟ್ಟು ಹಾಳಾಗಿರೋದು ಕರಗಿಸೋವಾಗ ಮಾತ್ರ ಅಲ್ಲ, ಅರ್ಧ ಹಾಳು ಫ್ರೀಜರ್‌ಗೆ ಹೋಗೋ ಮುಂಚೆನೇ ಆಗಿದೆ. ಈಸ್ಟ್ ಅನ್ನೋದು ಜೀವ ಇರೋ ವಸ್ತು. ಪ್ಯಾಕೆಟ್‌ನಲ್ಲಿ ಒಣಗಿ ಮಲಗಿರೋವಾಗ ಅದನ್ನ ಫ್ರೀಜರ್‌ನಲ್ಲಿಟ್ರೂ ಏನೂ ಆಗಲ್ಲ, ನಾನೂ ಈಸ್ಟ್ ಪ್ಯಾಕೆಟ್ ಓಪನ್ ಮಾಡಿದ್ರೆ ಗಾಳಿ ಆಡದ ಡಬ್ಬಿಲಿ ಹಾಕಿ ಫ್ರೀಜರ್‌ನಲ್ಲೇ ಇಡೋದು. ಆದ್ರೆ ಅದೇ ಈಸ್ಟ್ ನೀರು ಕುಡಿದು ಎದ್ದು, ಸಕ್ಕರೆ ತಿಂದು ಗ್ಯಾಸ್ ಬಿಡೋಕೆ ಶುರು ಮಾಡಿದ ಮೇಲೆ ಚಳಿ ತಡ್ಕೊಳ್ಳೋ ಶಕ್ತಿ ಬಹಳ ಕಮ್ಮಿ ಆಗುತ್ತೆ. ಎರಡು ಗಂಟೆ ಉಬ್ಬಿಸಿ ಫ್ರೀಜರ್‌ಗೆ ಹಾಕಿದ್ರೆ ಸುಮಾರು ಈಸ್ಟ್ ಅಲ್ಲೇ ಸಾಯುತ್ತೆ. ಸತ್ತ ಈಸ್ಟ್ ಸುಮ್ನೆ ಇದ್ದಿದ್ರೂ ಪರವಾಗಿರಲಿಲ್ಲ, ಅದರೊಳಗಿಂದ ಗ್ಲುಟಥಯೋನ್ ಅಂತ ಒಂದು ಹೊರಗೆ ಬರುತ್ತೆ, ಅದು ಗ್ಲುಟೆನ್‌ನ, ಅಂದ್ರೆ ಹಿಟ್ಟು ಹರಿಯದೆ ಹಿಗ್ಗೋ ಹಾಗೆ ಮಾಡೋ ಪ್ರೋಟೀನ್ ಬಲೆಯ, ಕಟ್ಟು ಬಿಚ್ಚಿಹಾಕುತ್ತೆ. ನೀವು ಹೇಳಿದ ಅಂಟು ಅಂಟು, ಎಳೆದ್ರೆ ಹರಿಯೋದು, ಅದರಲ್ಲಿ ಇದರ ಪಾಲೂ ಇದೆ. ಅಂದ್ರೆ ಉಬ್ಬಿಸೋಕೆ ಈಸ್ಟೂ ಇಲ್ಲ, ಉಬ್ಬಿದ ಗ್ಯಾಸ್ ಹಿಡಿದಿಟ್ಕೊಳ್ಳೋಕೆ ಗ್ಲುಟೆನ್ನೂ ಇಲ್ಲ, ಬಿಸ್ಕತ್ ಆಗದೆ ಇನ್ನೇನಾಗುತ್ತೆ.

ಇನ್ನೊಂದು ಐಸ್. ಮನೆ ಫ್ರೀಜರ್ ಚೆನ್ನಾಗಿದ್ರೆ ಮೈನಸ್ 18 ಡಿಗ್ರಿ, ಅದರಲ್ಲಿ ದಪ್ಪ ಉಂಡೆ ಗಟ್ಟಿಯಾಗೋಕೆ ಗಂಟೆಗಟ್ಟಲೆ ಬೇಕು. ನಿಧಾನಕ್ಕೆ ಗಟ್ಟಿಯಾದಷ್ಟೂ ಐಸ್ ಹರಳು ದೊಡ್ಡದಾಗಿ ಬೆಳೆಯುತ್ತೆ, ಅವು ಗ್ಲುಟೆನ್ ಬಲೆಯನ್ನ ಚುಚ್ಚಿ ಹರಿಯುತ್ತೆ. ಕರಗಿದಾಗ ಆ ನೀರೆಲ್ಲಾ ವಾಪಸ್ ಹಿಟ್ಟಿಗೆ ಸೇರಲ್ಲ, ಹೊರಗೆ ನಿಲ್ಲುತ್ತೆ. ಫ್ರೋಜನ್ ಹಿಟ್ಟು ಮಾಡೋ ಫ್ಯಾಕ್ಟರಿಗಳಲ್ಲಿ ಬ್ಲಾಸ್ಟ್ ಫ್ರೀಜರ್ ಇರುತ್ತೆ, ಮೈನಸ್ 30-40 ರಲ್ಲಿ ಜೋರಾಗಿ ಗಾಳಿ ಹೊಡೆದು ಬೇಗ ಗಟ್ಟಿ ಮಾಡ್ತಾರೆ, ಅವರು ಹಿಟ್ಟಿಗೆ ಈಸ್ಟೂ ಜಾಸ್ತಿ ಹಾಕ್ತಾರೆ, ಉಬ್ಬೋಕೆ ಬಿಡೋದೂ ಇಲ್ಲ. ನಮ್ಮ ಹತ್ರ ಆ ಮಿಷಿನ್ ಇಲ್ಲ, ಆದ್ರೆ ಉಂಡೆನ ಚಪ್ಪಟೆ ಮಾಡಬಹುದಲ್ಲ, ತೆಳ್ಳಗಿದ್ರೆ ಬೇಗ ಗಟ್ಟಿಯಾಗುತ್ತೆ, ಬೇಗ ಕರಗುತ್ತೆ ಕೂಡ.

ನಾನು ಮಾಡೋದು ಹೀಗೆ. 500 ಗ್ರಾಂ ಮೈದಾಗೆ ನೀರು 300 ಎಂಎಲ್ ಸಾಕು, ನಿಮ್ಮ 325 ಅವತ್ತೇ ಮಾಡೋಕೆ ಓಕೆ, ಫ್ರೀಜರ್‌ಗೆ ಹೋಗೋ ಹಿಟ್ಟು ಸ್ವಲ್ಪ ಗಟ್ಟಿ ಇರಬೇಕು. ನೀರು ಬೆಚ್ಚಗೆ ಬೇಡವೇ ಬೇಡ, ಫ್ರಿಜ್‌ನಲ್ಲಿರೋ ತಣ್ಣೀರು ಹಾಕಿ. ಈಸ್ಟ್ 3 ಗ್ರಾಂ ಬದಲು 5 ಗ್ರಾಂ, ಸಾಯೋದು ಹೋಗಿ ಉಳಿದಿದ್ದು ಕೆಲಸ ಮಾಡಲಿ ಅಂತ. ಉಪ್ಪು ಅದೇ 10 ಗ್ರಾಂ, ಎಣ್ಣೆ 20 ಗ್ರಾಂ. ಚೆನ್ನಾಗಿ ನಾದಬೇಕು, ಇಲ್ಲಿ ಸೋಮಾರಿತನ ನಡೆಯಲ್ಲ, ಒಂದು ಚೂರು ಹಿಟ್ಟು ತಗೊಂಡು ಎರಡೂ ಕೈಯಲ್ಲಿ ಮೆಲ್ಲಗೆ ಎಳೆದ್ರೆ ಆ ಕಡೆ ಬೆಳಕು ಕಾಣೋ ಥರ ಪೊರೆ ಆಗಬೇಕು, ಅಲ್ಲಿ ತನಕ. ಆಮೇಲೆ 20 ನಿಮಿಷ ಮುಚ್ಚಿಟ್ಟು, ಉಬ್ಬೋಕೆ ಕಾಯದೆ ಉಂಡೆ ಮಾಡಿ, ಎಣ್ಣೆ ಸವರಿ, ಅಂಗೈಯಲ್ಲಿ ಒತ್ತಿ ಒಂದಿಂಚು ದಪ್ಪ ಬಿಲ್ಲೆ ಮಾಡಿ. ಸ್ಟೀಲ್ ತಟ್ಟೆಗೆ ಬಟರ್ ಪೇಪರ್ ಹಾಕಿ ಒಂದಕ್ಕೊಂದು ತಾಗದ ಹಾಗೆ ಇಟ್ಟು, ಕಲ್ಲಾದ ಮೇಲೆ ಒಂದೊಂದನ್ನೂ ಜಿಪ್ ಲಾಕ್ ಕವರ್‌ಗೆ ಹಾಕಿ ಗಾಳಿ ಪೂರ್ತಿ ಒತ್ತಿ ತೆಗೆದು ತಾರೀಖು ಬರೀರಿ. ತಾರೀಖು ಬರೀದೆ ಇದ್ರೆ ಅದು ಯಾವಾಗಿಂದು ಅಂತ ನೆನಪಿರಲ್ಲ, ನಾಲ್ಕು ವಾರದೊಳಗೆ ಮುಗಿಸಿಬಿಡಿ. ಅದರ ಮೇಲೂ ತಿನ್ನಬಹುದು, ಹಾಳಾಗಲ್ಲ, ಆದ್ರೆ ಉಬ್ಬೋದು ವಾರದಿಂದ ವಾರಕ್ಕೆ ಕಮ್ಮಿ ಆಗ್ತಾ ಹೋಗುತ್ತೆ.

ಕರಗಿಸೋದು ಫ್ರಿಜ್‌ನಲ್ಲೇ, 12 ರಿಂದ 24 ಗಂಟೆ. ಕವರ್‌ನಿಂದ ತೆಗೆದು ಎಣ್ಣೆ ಸವರಿದ ಮುಚ್ಚಳದ ಡಬ್ಬಿಗೆ ಹಾಕಿಡಿ, ಕವರ್‌ನಲ್ಲೇ ಬಿಟ್ರೆ ಅದರೊಳಗೇ ಉಬ್ಬಿ ಅಂಟ್ಕೊಂಡು ಎಳೆಯೋವಾಗ ಶೇಪ್ ಹೋಗುತ್ತೆ. ಒಂದು ಮುಖ್ಯ ವಿಷಯ, ಉಬ್ಬಿಸದೆ ಫ್ರೀಜ್ ಮಾಡಿದ ಹಿಟ್ಟನ್ನ ಕರಗಿದ ಮೇಲೆ ಉಬ್ಬಿಸಲೇಬೇಕು. ಕರಗಿತು ಅಂತ ತಕ್ಷಣ ತಟ್ಟಿ ಬೇಯಿಸಿದ್ರೆ ಮತ್ತೆ ಅದೇ ಬಿಸ್ಕತ್. ಫ್ರಿಜ್‌ನಿಂದ ತೆಗೆದು ಮೈಸೂರು ಹವಾಗೆ ಒಂದೂವರೆ ಎರಡು ಗಂಟೆ ಹೊರಗಿಡಿ, ಗಡಿಯಾರ ನೋಡೋದಕ್ಕಿಂತ ಹಿಟ್ಟು ನೋಡಿ. ಬೆರಳಲ್ಲಿ ಒತ್ತಿದ ಗುಂಡಿ ನಿಧಾನಕ್ಕೆ ಅರ್ಧ ತುಂಬಿದ್ರೆ ರೆಡಿ, ಟಣ್ ಅಂತ ವಾಪಸ್ ಬಂದ್ರೆ ಇನ್ನೂ ಟೈಮ್ ಇದೆ, ವಾಪಸ್ ಬರಲೇ ಇಲ್ಲ ಅಂದ್ರೆ ಜಾಸ್ತಿ ಆಗಿದೆ, ಬೇಗ ಓವನ್‌ಗೆ ಹಾಕಿ.

ಖಡಕ್_ರೊಟ್ಟಿ

ಅಣ್ಣಾರ, ನೀವು ಸೈನ್ಸ್ ಹೇಳಿದ್ರಿ, ನಾ ನಮ್ಮ ಮನಿ ಅನುಭವ ಹೇಳಾಕತ್ತೀನಿ. ಉಬ್ಬಿಸಿ ಇಟ್ಟದ್ದರಾಗ ರುಚಿ ಬ್ಯಾರೆನ ಇರ್ತದ, ನೀವು ಹೇಳೂ ಹಂಗ ಇಪ್ಪತ್ತ ನಿಮಿಷಕ್ಕ ಫ್ರೀಜರ್‌ಗೆ ಹಾಕಿದ್ರ ಬರೇ ಮೈದಾ ತಿಂದಂಗ ಆಗ್ತದ.

ಓವನ್_ಅಣ್ಣ

ಎಷ್ಟು ದಿನ ಇಡ್ತೀರಾ ಸಾರ್? ಮತ್ತೆ ಬೇಸ್ ತೆಳ್ಳಗೆ ಮಾಡೋದಾ ದಪ್ಪಗಾ?

ಖಡಕ್_ರೊಟ್ಟಿ

ಈ ಆಯಿತವಾರ ಇಟ್ಟದ್ದು ಮುಂದಿನ ಆಯಿತವಾರ ತಗೀತೀವಿ. ಲಟ್ಟಣಿಗಿಲೆ ತೆಳ್ಳಗ ಲಟ್ಟಸ್ತೀವ್ರಿ, ನಮ್ಮ ಮನ್ಯಾಗ ಬ್ರೆಡ್ಡಿನಂಗ ದಪ್ಪ ಯಾರಿಗೂ ಸೇರೂದಿಲ್ಲ.

ಓವನ್_ಅಣ್ಣ

ಹಾಗಿದ್ರೆ ಇಬ್ಬರೂ ಸರಿ 😀 ಒಂದು ವಾರಕ್ಕೆ ಹೆಚ್ಚೇನೂ ಕೆಡಲ್ಲ, ಲಟ್ಟಣಿಗೆಯಲ್ಲಿ ತೆಳ್ಳಗೆ ಮಾಡೋಕೆ ಉಬ್ಬೋ ಶಕ್ತಿನೂ ಜಾಸ್ತಿ ಬೇಕಾಗಲ್ಲ, ಸ್ವಲ್ಪ ಸಡಿಲ ಆಗಿದ್ರೆ ಲಟ್ಟಿಸೋಕೆ ಇನ್ನೂ ಸುಲಭ. ರುಚಿ ವಿಷಯದಲ್ಲೂ ನಿಮ್ಮ ಮಾತು ತಳ್ಳಿಹಾಕಲ್ಲ, ನಿಧಾನಕ್ಕೆ ಹುದುಗಿದ ಹಿಟ್ಟಿನ ರುಚಿ ಬೇರೆನೇ. ಅದಕ್ಕೇ ನಾನು ಕರಗಿದ ಮೇಲೆ ಇನ್ನೊಂದು ದಿನ ಫ್ರಿಜ್‌ನಲ್ಲೇ ಬಿಡ್ತೀನಿ, ರುಚಿ ಆವಾಗ ಬರುತ್ತೆ. ಆದ್ರೆ ಮೇಡಂ ಎರಡು ಮೂರು ವಾರ ಇಟ್ಟು, ಕೈಯಲ್ಲಿ ಎಳೆದು, ಅಂಚು ಉಬ್ಬಬೇಕು ಅಂತಿದಾರೆ. ಅವರಿಗೆ ನಿಮ್ಮ ದಾರಿ ಆಗಲ್ಲ.

ಕುಡ್ಲ_ಕಾವಲಿ (ಮಂಗಳೂರು)

ಹನ್ನೆರಡು ಮಕ್ಕಳ ಪಾರ್ಟಿಗೆ ಹಸಿ ಹಿಟ್ಟು ಕರಗಿಸ್ತಾ ಕೂತ್ಕೊಳ್ಳುದು ಯಾಕೆ ಮಾರಾಯ್ರೆ? ಅರ್ಧ ಬೇಯಿಸಿದ ಬೇಸ್ ಮಾಡಿ ಫ್ರೀಜರಿಗೆ ಹಾಕಿ, ತಲೆಬಿಸಿಯೇ ಇಲ್ಲ. ಈಸ್ಟಿನ ಕೆಲಸ ಮೊದಲೇ ಮುಗಿದಿರ್ತದೆ, ಅದು ಸತ್ತರೆ ಎಂತ ಬದುಕಿದ್ರೆ ಎಂತ. ಗ್ಲುಟೆನ್ ಕೂಡ ಬೆಂದು ಗಟ್ಟಿ ಆಗಿರ್ತದೆ, ಐಸ್ ಅದಕ್ಕೆ ದೊಡ್ಡ ತೊಂದರೆ ಕೊಡುದಿಲ್ಲ.

ನಾನು ಮಾಡುದು ಹೇಳ್ತೇನೆ. ಹಿಟ್ಟು ಯಾವಾಗಿನ ಹಾಗೆ ಕಲಸಿ ಪೂರ್ತಿ ಉಬ್ಬಿಸಿ, ಮಕ್ಕಳಿಗಾದ್ರೆ 110 ಗ್ರಾಮಿನ ಉಂಡೆ, ಆರು ಇಂಚಿನ ಬೇಸ್ ಬರ್ತದೆ. ತಟ್ಟಿ ಹತ್ತು ನಿಮಿಷ ಬಿಟ್ಟು, ಫೋರ್ಕಿನಲ್ಲಿ ಅಲ್ಲಲ್ಲಿ ಚುಚ್ಚಿ, ಕಾವಲಿ ಕಾದ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಒಂದು ಬದಿ ಎರಡು ನಿಮಿಷ, ಇನ್ನೊಂದು ಬದಿ ಒಂದು ನಿಮಿಷ. ಕಂದು ಕಲೆ ಬರ್ಲಿಕ್ಕೆ ಬಿಡ್ಬೇಡಿ, ಹಸಿ ಬಿಳಿ ಹೋಗಿ ಮುಟ್ಟಿದ್ರೆ ಅಂಟದ ಹಾಗೆ ಆದ್ರೆ ಸಾಕು. ಓವನಿನಲ್ಲಿ ಆದ್ರೆ 220 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ. ಮತ್ತೆ ಜಾಲರಿಯ ಮೇಲೆ ಪೂರಾ ತಣಿಬೇಕು, ಸ್ವಲ್ಪ ಬಿಸಿ ಇರುವಾಗ್ಲೇ ಕವರಿಗೆ ಹಾಕಿದ್ರೆ ಒಳಗೆ ಹಬೆ ಕಟ್ಟಿ ಅದೇ ಐಸ್ ಆಗ್ತದೆ, ಬೇಯಿಸುವಾಗ ಬೇಸ್ ಒದ್ದೆ. ನಡುವೆ ನಡುವೆ ಬಟರ್ ಪೇಪರ್ ಇಟ್ಟು ಅಟ್ಟಿ ಮಾಡಿ ಎರಡು ಕವರ್ ಹಾಕಿ, ತಿಂಗಳು ತನಕ ಏನೂ ಆಗುದಿಲ್ಲ. ಬೇಕಾದಾಗ ಕರಗಿಸ್ಲಿಕ್ಕೂ ಇಲ್ಲ, ಕಲ್ಲಿನ ಹಾಗಿರುವಾಗ್ಲೇ ಸಾಸ್ ಚೀಸ್ ಹಾಕಿ ಚೆನ್ನಾಗಿ ಕಾದ ಓಟಿಜಿಗೆ, 230 ರಲ್ಲಿ ಎಂಟರಿಂದ ಹತ್ತು ನಿಮಿಷ.

ಒಂದು ಮಾತು, ಓವನ್_ಅಣ್ಣ ಹೇಳಿದ ಒಂದೂವರೆ ಎರಡು ಗಂಟೆ ಹೊರಗಿಡುವ ಲೆಕ್ಕ ನಮ್ಮ ಕರಾವಳಿಯವರು ನಂಬ್ಬೇಡಿ. ಇಲ್ಲಿ ಏಪ್ರಿಲ್ ಮೇ ತಿಂಗಳ ಸೆಕೆಗೆ ಮುಕ್ಕಾಲು ಗಂಟೆಗೇ ಡಬ್ಬಿಯ ಮುಚ್ಚಳ ಎತ್ತಿ ಕೂತಿರ್ತದೆ.

ಮೊಸರನ್ನ_ಪ್ರಿಯ

ಇಷ್ಟೆಲ್ಲಾ ಯಾಕೆ ಸ್ವಾಮಿ, ಮೈದಾಗೆ ಮೊಸರು ಸೋಡಾ ಹಾಕಿ ಕಲಸಿದ್ರೆ ಹತ್ತು ನಿಮಿಷಕ್ಕೆ ಪಿಜ್ಜಾ ರೆಡಿ, ಈಸ್ಟೂ ಬೇಡ ಫ್ರೀಜರೂ ಬೇಡ.

ಕುಡ್ಲ_ಕಾವಲಿ

ಮನೆಯಲ್ಲಿ ಇಬ್ಬರು ಮೂವರಿಗೆ ಆದ್ರೆ ಖಂಡಿತ ಮಾಡಿ, ನಾನೂ ಮಾಡ್ತೇನೆ, ತಿನ್ಲಿಕ್ಕೆ ನಾನ್ ಹಾಗೆ ಇರ್ತದೆ. ಆದ್ರೆ ಆ ಹಿಟ್ಟು ಹಸಿ ಹಸಿಯೇ ಫ್ರೀಜರಿಗೆ ಹಾಕ್ಲಿಕ್ಕೆ ಹೋಗ್ಬೇಡಿ. ಮೊಸರು ಮತ್ತು ಸೋಡಾ ಸೇರಿದ ಕೂಡ್ಲೇ ಗ್ಯಾಸ್ ಬರ್ಲಿಕ್ಕೆ ಶುರು, ಮತ್ತೆ ಕರಗಿಸುವಷ್ಟರಲ್ಲಿ ಉಬ್ಬಿಸ್ಲಿಕ್ಕೆ ಎಂತದ್ದೂ ಉಳಿದಿರುದಿಲ್ಲ. ಅದನ್ನೂ ಕಾವಲಿಯಲ್ಲಿ ಅರ್ಧ ಬೇಯಿಸಿಯೇ ಇಡ್ಬೇಕು.

ಎಡಿಸನ್_ಅಡುಗೆಮನೆ (ನ್ಯೂಜೆರ್ಸಿ)

ನಾವಿಲ್ಲಿ ಎಡಿಸನ್‌ನಲ್ಲಿ ಇರೋದು, ಇಲ್ಲಿ ಪಿಜ್ಜಾ ಹಿಟ್ಟು ಅಂಗಡಿಲೇ ಸಿಗುತ್ತೆ, ಟ್ರೇಡರ್ ಜೋಸ್‌ನಲ್ಲಿ ಒಂದು ಪೌಂಡ್ ಅಂದ್ರೆ 454 ಗ್ರಾಂ ಉಂಡೆ ಕವರ್‌ನಲ್ಲಿ ಫ್ರಿಜ್ ಸೆಕ್ಷನ್‌ನಲ್ಲಿ ಇಟ್ಟಿರ್ತಾರೆ. ನಾವು ಎರಡು ಮೂರು ತಂದು ಅವತ್ತೇ ಫ್ರೀಜರ್‌ಗೆ ಹಾಕಿಬಿಡ್ತೀವಿ. ಖಡಕ್_ರೊಟ್ಟಿ ಅವರು ಹೇಳಿದ್ದು ಇಲ್ಲೂ ನಿಜ, ಆ ಹಿಟ್ಟು ಆಗ್ಲೇ ಹುದುಗಿರುತ್ತೆ, ಒಂದೆರಡು ವಾರಕ್ಕೆ ಚೆನ್ನಾಗಿರುತ್ತೆ, ಜಾಸ್ತಿ ಆದ್ರೆ ಅಂಟಂಟು.

ಇಂಡಿಯಾದಲ್ಲಿ ಇರೋವಾಗ ಇದೇ ಕೆಲಸ ಮಾಡಿದ್ದಕ್ಕೂ ಇಲ್ಲಿ ಮಾಡೋದಕ್ಕೂ ನನಗೆ ಕಂಡ ದೊಡ್ಡ ವ್ಯತ್ಯಾಸ ಹಿಟ್ಟಿಂದು. ಇಲ್ಲಿ ಕಿಂಗ್ ಆರ್ಥರ್ ಬ್ರೆಡ್ ಫ್ಲೋರ್‌ನಲ್ಲಿ ಪ್ರೋಟೀನ್ 12.7 ಪರ್ಸೆಂಟ್, ನಮ್ಮ ಮಾಮೂಲಿ ಮೈದಾದಲ್ಲಿ ಹತ್ತು ಹನ್ನೊಂದರ ಹತ್ತಿರ. ಅವತ್ತೇ ತಿನ್ನೋದಾದ್ರೆ ಮೈದಾ ಸಾಕಾಗುತ್ತೆ, ಫ್ರೀಜರ್ ಹೊಡೆತ ತಿಂದ ಮೇಲೆ ಗೊತ್ತಾಗುತ್ತೆ ಯಾವುದಕ್ಕೆ ಎಷ್ಟು ಶಕ್ತಿ ಇದೆ ಅಂತ. ಆನ್‌ಲೈನ್‌ನಲ್ಲಿ ಗ್ಲುಟೆನ್ ಪೌಡರ್ ಸಿಗುತ್ತೆ, 500 ಗ್ರಾಂ ಮೈದಾಗೆ 10 ಗ್ರಾಂ ಹಾಕಿ, ಜೊತೆಗೆ ನೀರು ಒಂದು ಚಮಚ ಜಾಸ್ತಿ. ಕೆಲವರು ಇಟಲಿಯ 00 ಹಿಟ್ಟು ತರಿಸ್ತಾರೆ, ದುಡ್ಡು ಕೊಡೋ ಮುಂಚೆ ಪ್ಯಾಕೆಟ್ ಹಿಂದೆ ಪ್ರೋಟೀನ್ ನೋಡಿ. 00 ಅನ್ನೋದು ಹಿಟ್ಟು ಎಷ್ಟು ಬಿಳಿ, ಎಷ್ಟು ಶುದ್ಧ ಅನ್ನೋದರ ಗ್ರೇಡ್, ಶಕ್ತಿದಲ್ಲ, ಅದರಲ್ಲಿ ಕೇಕ್‌ಗೆ ಆಗೋದೂ ಇದೆ ಪಿಜ್ಜಾಗೆ ಆಗೋದೂ ಇದೆ.

ಅರ್ಜೆಂಟ್ ಇದ್ದಾಗ ಏನ್ ಮಾಡೋದು ಅಂತ ಯಾರೂ ಹೇಳಿಲ್ಲ. ಗಾಳಿ ನೀರು ಹೋಗದ ಹಾಗೆ ಗಟ್ಟಿಯಾಗಿ ಮುಚ್ಚಿದ ಕವರ್ ಸಮೇತ ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ, ಚಪ್ಪಟೆ ಬಿಲ್ಲೆ ಆದ್ರೆ ಒಂದು ಗಂಟೆ ಒಂದೂವರೆ ಗಂಟೇಲಿ ಕರಗುತ್ತೆ. ಬಿಸಿ ನೀರು ಬೇಡ. ಮೈಕ್ರೋವೇವ್ ಅಂತೂ ಮುಟ್ಟಲೇಬೇಡಿ, ಡಿಫ್ರಾಸ್ಟ್ ಮೋಡ್‌ನಲ್ಲೂ ಅಂಚು ಬೆಂದು ರಬ್ಬರ್ ಆಗುತ್ತೆ, ನಡುವೆ ಐಸ್ ಹಾಗೇ ಇರುತ್ತೆ.

ಒಗ್ಗರಣೆ_ಡಬ್ಬಿ

ಅಬ್ಬಾ, ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಪಾರ್ಟಿಗೆ ಕುಡ್ಲ_ಕಾವಲಿ ಹೇಳಿದ ಅರ್ಧ ಬೆಂದ ಬೇಸ್, ದೊಡ್ಡವರಿಗೆ ಮಾತ್ರ ಎರಡು ಮೂರು ಹಸಿ ಹಿಟ್ಟಿಂದು ಅಂತ ಅಂದ್ಕೊಂಡಿದೀನಿ. ಇನ್ನು ಸ್ವಲ್ಪ ಡೌಟ್. ನಮ್ಮದು ಸಿಂಗಲ್ ಡೋರ್ ಫ್ರಿಜ್, ಮೇಲಿನ ಫ್ರೀಜರ್‌ನಲ್ಲಿ ಐಸ್ ಗುಡ್ಡ ಕಟ್ಟಿರುತ್ತೆ, ಮಕ್ಕಳು ಐಸ್‌ಕ್ರೀಮ್‌ಗೆ ಅಂತ ದಿನಕ್ಕೆ ಹತ್ತು ಸಲ ಬಾಗಿಲು ತೆಗೀತಾರೆ, ಅದರಲ್ಲಿ ಇಟ್ರೆ ನಡೆಯುತ್ತಾ? ನಮ್ಮ ಅತ್ತೆ ಅರ್ಧ ಗೋಧಿ ಹಿಟ್ಟು ಹಾಕು ಅಂತಾರೆ, ಅದು? ಮತ್ತೆ ಕರೆಂಟ್ ಹೋದ್ರೆ? ಈಗ ಫ್ರೀಜರ್‌ನಲ್ಲಿ ಹಳೇ ರೀತಿ ಮಾಡಿದ ಉಂಡೆ ಎರಡು ಉಳಿದಿದೆ, ಬಿಸಾಡೋದಾ?

ಓವನ್_ಅಣ್ಣ

ಬಿಸಾಡಬೇಡಿ, ಅದರಿಂದ ಶುರು ಮಾಡ್ತೀನಿ. ಫ್ರಿಜ್‌ನಲ್ಲಿ ಕರಗಿಸಿ, ಕೈಯಲ್ಲಿ ಎಳೆಯೋಕೆ ಹೋಗಬೇಡಿ, ಮತ್ತೆ ನಾದಲೂ ಬೇಡಿ. ಕೇಕ್ ಟಿನ್‌ಗೆ ಧಾರಾಳವಾಗಿ ಎಣ್ಣೆ ಹಾಕಿ ಹಿಟ್ಟನ್ನ ಅದರಲ್ಲಿಟ್ಟು ಬೆರಳ ತುದಿಯಲ್ಲಿ ಒತ್ತಿ ಒತ್ತಿ ಹರಡಿ, ವಾಪಸ್ ಬಂದ್ರೆ ಕಾಲು ಗಂಟೆ ಬಿಟ್ಟು ಮತ್ತೆ ಒತ್ತಿ, ಆಮೇಲೆ ಒಂದು ಗಂಟೆ ಮುಚ್ಚಿಡಿ. ಗ್ಲುಟೆನ್ ಸೋತಿದ್ರೂ ಟಿನ್ ಗೋಡೆ ಹಿಡ್ಕೊಳ್ಳುತ್ತೆ, ತಳ ಎಣ್ಣೇಲಿ ಹುರಿದ ಹಾಗಾಗಿ ಪ್ಯಾನ್ ಪಿಜ್ಜಾ ಬರುತ್ತೆ. ಸೋತ ಹಿಟ್ಟಿಗೆ ಇದಕ್ಕಿಂತ ಒಳ್ಳೇ ಗತಿ ಇಲ್ಲ. ತೀರಾ ಹುಳಿ ವಾಸನೆ ಇದ್ರೆ ಮಾತ್ರ ಬಿಟ್ಟುಬಿಡಿ.

ಸಿಂಗಲ್ ಡೋರ್‌ಗೆ ಒಂದು ಪರೀಕ್ಷೆ ಇದೆ, ನಿಮ್ಮ ಫ್ರೀಜರ್‌ನಲ್ಲಿ ಐಸ್‌ಕ್ರೀಮ್ ಚಮಚ ಹೋಗದಷ್ಟು ಗಟ್ಟಿ ಇರುತ್ತಾ? ಇದ್ರೆ ಹಿಟ್ಟೂ ಇರುತ್ತೆ. ಐಸ್‌ಕ್ರೀಮ್ ಮೆತ್ತಗೆ ಇದ್ರೆ ಹಸಿ ಹಿಟ್ಟು ಒಂದು ವಾರದ ಮೇಲೆ ಇಡಬೇಡಿ, ಬೇಸ್ ಮಾತ್ರ ಇಡಿ. ಗುಡ್ಡ ಕಟ್ಟಿರೋ ಐಸ್ ಮೊದಲು ಡಿಫ್ರಾಸ್ಟ್ ಮಾಡಿ ತೆಗೀರಿ, ಆಮೇಲೆ ಹಿಂದುಗಡೆ ಗೋಡೆಗೆ ಒತ್ತಿ ಇಡಿ. ಡಬಲ್ ಡೋರ್‌ನವರೂ ಬೀಗಬೇಕಿಲ್ಲ, ಫ್ರಾಸ್ಟ್ ಫ್ರೀ ಫ್ರಿಜ್ ಆಗಾಗ ತಾನೇ ಹೀಟರ್ ಹಾಕ್ಕೊಂಡು ಐಸ್ ಕರಗಿಸುತ್ತೆ, ಅದರಿಂದ ಒಳಗೆ ಟೆಂಪರೇಚರ್ ಮೇಲೆ ಕೆಳಗೆ ಆಡ್ತಾ ಇರುತ್ತೆ, ಸರಿಯಾಗಿ ಮುಚ್ಚಿರದ ಹಿಟ್ಟು ಒಣಗಿ ಮೇಲೆ ಬಿಳೀ ಹೊಪ್ಪಳೆ ಕಟ್ಟುತ್ತೆ.

ಗೋಧಿ ಹಿಟ್ಟು ಮೂರರಲ್ಲಿ ಒಂದು ಭಾಗದ ತನಕ ಓಕೆ. ಅದರಲ್ಲಿರೋ ತವುಡು ಗ್ಲುಟೆನ್‌ನ ಕತ್ತರಿಸುತ್ತೆ, ಚಕ್ಕಿ ಹಿಟ್ಟು ನೀರು ಜಾಸ್ತಿ ಕುಡಿಯುತ್ತೆ, ಹಾಗಾಗಿ ಎರಡು ಮೂರು ಚಮಚ ನೀರು ಜಾಸ್ತಿ ಹಾಕಿ. ಅರ್ಧಕ್ಕರ್ಧ ಹಾಕಲೇಬೇಕು ಅಂದ್ರೆ ಬೇಸ್‌ಗೆ ಹಾಕಿ, ಫ್ರೀಜರ್‌ಗೆ ಹೋಗೋ ಹಸಿ ಹಿಟ್ಟಿಗೆ ಬೇಡ, ಅತ್ತೆಗೂ ಖುಷಿ.

ಕರೆಂಟ್ ಹೋದ್ರೆ ಬಾಗಿಲು ತೆಗೀಬೇಡಿ ಅಷ್ಟೇ. ಬಂದ ಮೇಲೆ ನೋಡಿ, ಇನ್ನೂ ಕಲ್ಲಾಗಿದ್ರೆ ಯೋಚನೆ ಇಲ್ಲ. ಮೆತ್ತಗಾಗಿದ್ರೆ ವಾಪಸ್ ಗಟ್ಟಿ ಮಾಡೋಕೆ ಹೋಗದೆ ಕೆಳಗೆ ಫ್ರಿಜ್‌ಗೆ ಇಳಿಸಿ ಮಾರನೇ ದಿನದೊಳಗೆ ಪಿಜ್ಜಾ ಮಾಡಿ ಮುಗಿಸಿ.

ಖಡಕ್_ರೊಟ್ಟಿ

ಎಳೆಯೂದ್ರ ಬಗ್ಗೆ ಒಂದು ಮಾತು. ಫ್ರಿಜ್ಜಿನ್ಯಾಗಿಂದ ತಗದ ತಣ್ಣನ ಹಿಟ್ಟು ರಬ್ಬರಿನಂಗ ಹಿಂದಕ್ಕ ಹಿಂದಕ್ಕ ಜಗ್ತದ, ಆವಾಗ ಸಿಟ್ಟಿಗೆದ್ದು ಜೋರ್ಲೆ ಜಗ್ಗಿದ್ರ ಹರೀತದ. ಹೋಳಿಗಿ ಕಣಕ ಹೆಂಗ ಎಣ್ಣಿ ಕುಡಿಸಿ ನೆನಿಲಿಕ್ಕೆ ಬಿಡ್ತೀವಿ, ಇದೂ ಹಂಗ, ಬಿಟ್ಟಷ್ಟು ಮಾತು ಕೇಳ್ತದ.

ಒಗ್ಗರಣೆ_ಡಬ್ಬಿ

ಸರಿ ಗೊತ್ತಾಯ್ತು. ಹನ್ನೆರಡು ಬೇಸ್‌ಗೆ ಮೈದಾ ಎಷ್ಟು ಬೇಕಾಗುತ್ತೆ? ಮತ್ತೆ ಸಾಸ್, ಚೀಸ್, ತರಕಾರಿ ಇದೆಲ್ಲಾನೂ ಫ್ರೀಜರ್‌ನಲ್ಲಿ ಮುಂಚೆನೇ ಇಟ್ಕೊಳ್ಳಬಹುದಾ?

ಕುಡ್ಲ_ಕಾವಲಿ

800 ಗ್ರಾಮ್ ಮೈದಾ, 480 ಎಂಎಲ್ ನೀರು, 16 ಗ್ರಾಮ್ ಉಪ್ಪು, 5 ಗ್ರಾಮ್ ಈಸ್ಟ್, 25 ಗ್ರಾಮ್ ಎಣ್ಣೆ, ಸಕ್ಕರೆ ಎರಡು ಚಮಚ. ಎಲ್ಲ ಸೇರಿ 1300 ಗ್ರಾಮಿನ ಮೇಲೆ ಹಿಟ್ಟು ಬರ್ತದೆ, 110 ರ ಉಂಡೆ ಹನ್ನೆರಡು ಆಗ್ತದೆ. ಆದ್ರೆ ಮಕ್ಕಳ ಪಾರ್ಟಿ ಅಲ್ವಾ, ಯಾರೋ ಒಬ್ಬ ಕೆಳಗೆ ಹಾಕಿಯೇ ಹಾಕ್ತಾನೆ, ಒಂದು ಕಿಲೋ ಮೈದಾದ್ದೇ ಕಲಸಿ, ಅದೇ ಲೆಕ್ಕದಲ್ಲಿ ಉಳಿದದ್ದೂ ಜಾಸ್ತಿ ಮಾಡಿ.

ಟೊಮೆಟೊ ಸಾಸ್ ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿ ಕವರಿಗೆ ತುಂಬಿಸಿ, ಒಂದು ಬೇಸಿಗೆ ಒಂದು ಎರಡು ತುಂಡು. ನೀರಿರುವ ಸಾಸ್ ಬೇಡ, ಚೆನ್ನಾಗಿ ಕುದಿಸಿ ಮಂದ ಮಾಡಿ. ಪಿಜ್ಜಾಕ್ಕೆ ಅಂತ ಬ್ಲಾಕಿನಲ್ಲಿ ಸಿಗುವ ಮೊಝರೆಲ್ಲಾ ತುರಿದು ಕವರಿನಲ್ಲಿ ಹರಡಿ ಫ್ರೀಜರಿನಲ್ಲಿ ಇಡ್ಬಹುದು, ಕರಗಿಸದೆ ಹಾಗೆಯೇ ಉದುರಿಸಿ. ನೀರಿನಲ್ಲಿ ಮುಳುಗಿಸಿ ಕೊಡುವ ತಾಜಾ ಮೊಝರೆಲ್ಲಾ ಆಗುದಿಲ್ಲ, ಕರಗಿದ್ರೆ ಪುಡಿಪುಡಿ, ನೀರು ನೀರು. ಕ್ಯಾಪ್ಸಿಕಂ ಈರುಳ್ಳಿ ಅವತ್ತೇ ಹೆಚ್ಚಿ, ಫ್ರೀಜರಿನಿಂದ ತೆಗೆದ ಕ್ಯಾಪ್ಸಿಕಂ ಬೇಸಿನ ಮೇಲೆ ನೀರು ಬಿಟ್ಟು ಎಲ್ಲ ಒದ್ದೆ ಮಾಡ್ತದೆ.

ಎಡಿಸನ್_ಅಡುಗೆಮನೆ

ಪ್ಯಾಕೆಟ್‌ನಲ್ಲಿ ಬರೋ ಕಾರ್ನ್ ಆಗ್ಲೇ ಫ್ರೋಜನ್ ಇರುತ್ತಲ್ಲ, ಅದನ್ನ ಮಾತ್ರ ಬಿಸಿ ನೀರಲ್ಲಿ ಒಂದು ನಿಮಿಷ ಹಾಕಿ ಬಟ್ಟೆ ಮೇಲೆ ಒಣಗಿಸಿ ಆಮೇಲೆ ಹಾಕಿ, ನೇರ ಹಾಕಿದ್ರೆ ಅದೂ ನೀರು ಬಿಡುತ್ತೆ.

ಖಡಕ್_ರೊಟ್ಟಿ

ಅಕ್ಕಾರ ಎಲ್ಲಾ ಖರೆ, 30 ಲೀಟರ್ ಓಟಿಜ್ಯಾಗ ಆರು ಇಂಚಿಂದು ಒಂದ ಸಲಕ್ಕ ಎಷ್ಟು ಹಿಡಿತಾವ್ರಿ? ಎರಡು. ಹನ್ನೆರಡಕ್ಕ ಆರು ಸಲ, ಒಂದೊಂದಕ್ಕ ಹತ್ತು ನಿಮಿಷ, ಒಂದು ತಾಸು ಆತು. ಮೊದಲನೇ ಹುಡುಗ ತಿಂದು ಮತ್ತ ಹಸ್ತು ಬರ್ತಾನ.

ಓವನ್_ಅಣ್ಣ

😂 ಹೌದು, ಇದು ಯಾರೂ ಯೋಚನೆ ಮಾಡಿರಲಿಲ್ಲ. ಅದಕ್ಕೇ ಓಟಿಜಿ ಜೊತೆಗೆ ದೋಸೆ ಹಂಚೂ ಒಲೆ ಮೇಲೆ ಇಡಿ. ಬೇಸ್ ಆಗ್ಲೇ ಅರ್ಧ ಬೆಂದಿರೋದ್ರಿಂದ ಹಂಚಿನ ಮೇಲೆ ಸಣ್ಣ ಉರೀಲಿ ಬೋರ್ಲಾಗಿ ಪಾತ್ರೆ ಮುಚ್ಚಿ ಆರೇಳು ನಿಮಿಷಕ್ಕೆ ಚೀಸ್ ಕರಗುತ್ತೆ, ಮೇಲೆ ಕಂದು ಬಣ್ಣ ಬರಲ್ಲ ಅಷ್ಟೇ, ಹಸಿದ ಮಕ್ಕಳು ಬಣ್ಣ ಕೇಳಲ್ಲ. ಹಂಚಿಗೆ ಹಾಕೋ ಬೇಸ್ ಮಾತ್ರ ಒಂದು ಗಂಟೆ ಮುಂಚೆ ಫ್ರೀಜರ್‌ನಿಂದ ತೆಗೆದಿಡಿ, ಕಲ್ಲಿನ ಹಾಗಿದ್ರೆ ಮೇಲೆ ಬಿಸಿ ಹತ್ತೋ ಹೊತ್ತಿಗೆ ತಳ ಸೀದುಹೋಗುತ್ತೆ. ಓಟಿಜಿ ಅರ್ಧ ಗಂಟೆ ಮುಂಚೆನೇ ಫುಲ್ ಕಾಯಿಸಿಡಿ, ಮೊದಲ ನಾಲ್ಕು ಪಿಜ್ಜಾ ಮಕ್ಕಳು ಕೇಕ್ ಕಟ್ ಮಾಡ್ತಿರೋವಾಗ್ಲೇ ಒಳಗೆ ಹೋಗಿರಲಿ, ಹೊರಗೆ ಬಂದಿದ್ದನ್ನ ನಾಲ್ಕು ನಾಲ್ಕು ತುಂಡು ಮಾಡಿ ಎಲ್ಲರಿಗೂ ಒಂದೊಂದು ಕೊಡಿ, ಒಬ್ಬೊಬ್ಬರಿಗೆ ಒಂದು ಇಡೀ ಪಿಜ್ಜಾ ಅಂತ ಕಾಯಿಸಬೇಡಿ.

ಒಗ್ಗರಣೆ_ಡಬ್ಬಿ

ಇದು ಸೂಪರ್. ಈ ಭಾನುವಾರ ಒಂದು ನಾಲ್ಕು ಬೇಸ್ ಟ್ರಯಲ್ ಮಾಡಿ ಇಡ್ತೀನಿ, ಹೇಗೆ ಬಂತು ಅಂತ ಇಲ್ಲೇ ಹಾಕ್ತೀನಿ. ಕುಡ್ಲ_ಕಾವಲಿ ಅವರೇ, ಬೇಸ್‌ಗೆ ಫೋರ್ಕ್‌ನಲ್ಲಿ ಚುಚ್ಚೋದು ಅಂಚಿಗೂ ಬೇಕಾ, ನಡುವೆ ಮಾತ್ರ ಸಾಕಾ?

ಕುಡ್ಲ_ಕಾವಲಿ

ನಡುವೆ ಮಾತ್ರ. ಅಂಚು ಉಬ್ಬ್ಲಿ ಬಿಡಿ.